ಕೋಟೆಯ ಕಣಜ, ಊರಿನ ಹಗೇವು



ಬಾದಾಮಿ ಅಂದ ಕೂಡಲೆ ನಾವು ಗುಹೆ, ಅಗಸ್ತ್ಯ ತೀರ್ಥ, ಭೂತನಾಥ ಗುಡಿ ಅಂತ ಬರೀತೀವಿ. ಆದರೆ ಅಲ್ಲಿ ಉತ್ತರ ದಿಕ್ಕಿನ ಗುಡ್ಡದ ಕೋಟೆಯಲ್ಲಿ ಕಣಜಗಳೂ ಇವೆ. ಕಣಜ ಅಂದರೆ ಕಾಳುಕಡಿ ಕೂಡಿಡುವ ಉಗ್ರಾಣ. ನಮ್ಮ ರೋಣದಿಂದ ಉತ್ತರಕ್ಕೆ ಹೋದರೆ ಬಾದಾಮಿ ಸಿಗುತ್ತದೆ.

ಬಾದಾಮಿ ಕೋಟೆಯನ್ನು ಮೊದಲು ಕಟ್ಟಿಸಿದವನು ಚಾಲುಕ್ಯರ ಒಂದನೇ ಪುಲಕೇಶಿ. ಕ್ರಿ.ಶ. 543ರ ಬಂಡೆಶಾಸನ ಹೀಗೆ ಹೇಳುತ್ತದೆ. ಮುಂದೆ ಬೇರೆ ಬೇರೆ ಅರಸರು ಅದನ್ನು ಬೆಳೆಸಿದರು. 1786ರಲ್ಲಿ ಮರಾಠರ ಮತ್ತು ನಿಜಾಮನ ಸೈನ್ಯ ಕೂಡಿ, ಟಿಪ್ಪು ಸುಲ್ತಾನನ ಕೈಯಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿದವು. ಮುತ್ತಿಗೆ ಬಿದ್ದರೆ ಹೊರಗಿನಿಂದ ಒಂದು ಸೇರು ಜೋಳವೂ ಒಳಗೆ ಬರುವುದಿಲ್ಲ. ತೋಪು, ಕತ್ತಿ ಎಷ್ಟಿದ್ದರೇನು, ಹೊಟ್ಟೆಗೆ ಬೇಕಲ್ಲ! ಅದಕ್ಕೇ ಕೋಟೆಗೆ ಕಣಜ ಬೇಕು.

ಈ ಕಣಜ ದುಂಡಗೆ ಇದೆ, ಗೋಡೆ ದಪ್ಪ. ದುಂಡಗೆ ಯಾಕೆ? ಕಾಳು ನೀರಿನ ಹಾಗೆ ಸುತ್ತಲೂ ಗೋಡೆಯನ್ನು ಹೊರಗೆ ದಬ್ಬುತ್ತದೆ. ದುಂಡು ಗೋಡೆ ಆ ಭಾರವನ್ನು ಎಲ್ಲ ಕಡೆ ಸಮನಾಗಿ ಹಂಚಿಕೊಳ್ಳುತ್ತದೆ. ಕಾಳು ಸಿಕ್ಕಿಕೊಳ್ಳಲು ಮೂಲೆಯೂ ಇರುವುದಿಲ್ಲ. ಬಿಹಾರದ ಪಟ್ನಾದಲ್ಲಿ 1786ರಲ್ಲಿ ಮುಗಿದ ಗೋಲಘರ್ ಎಂಬ ದೊಡ್ಡ ಕಣಜವೂ ದುಂಡಗೇ ಇದೆ. 1770ರ ಬರದಲ್ಲಿ ಜನ ಸತ್ತ ಮೇಲೆ ಅಂಥ ಕಣಜ ಬೇಕು ಅಂತ ಇಂಗ್ಲಿಷರಿಗೆ ಅನಿಸಿತು.

ಅರಸರಿಗೆ ಕಣಜ ಆಯಿತು. ರೈತರಿಗೆ? ನಮ್ಮ ಕಡೆ ರೈತರು ನೆಲದೊಳಗೆ ಹಗೇವು ತೋಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಥೇಟ್ ಗಡಿಗೆಯ ಹಾಗೆ. ಎರೆಮಣ್ಣು ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಗಟ್ಟಿ ನೆಲ ನೋಡಿ ತೋಡಬೇಕು. ತಳಕ್ಕೆ, ಸುತ್ತಲೂ ಒಣ ಹುಲ್ಲು, ಹೊಟ್ಟು ಹಾಕಿ ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. 1876ರಿಂದ 1878ರವರೆಗೆ ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಭೀಕರ ಬರ ಬಿತ್ತು. ಆಗ ರೋಣ ಧಾರವಾಡ ಜಿಲ್ಲೆಯಲ್ಲಿತ್ತು. ಅಂಥ ಕಾಲದಲ್ಲಿ ಹಗೇವಿನಲ್ಲಿ ಜೋಳ ಇದ್ದ ಮನೆಗೂ ಇಲ್ಲದ ಮನೆಗೂ ಎಷ್ಟು ಫರಕು ಅಂತ ವಿಚಾರ ಮಾಡಿರಿ.

ಇದರಲ್ಲಿ ವಿಜ್ಞಾನವೂ ಇದೆ. ಕಾಳಿಗೂ ಉಸಿರಾಟ ಉಂಟು. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡ್ ತುಂಬುತ್ತದೆ. ಹುಳ ಸಾಯುತ್ತವೆ, ಜೋಳ ಉಳಿಯುತ್ತದೆ. ಆದರೆ ಹುಳ ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ! ಅದಕ್ಕೇ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ.

ಈಗ ಜೋಳ ಚೀಲದಲ್ಲಿ, ಗೋದಾಮಿನಲ್ಲಿ ಇರುತ್ತದೆ. ಹಗೇವುಗಳು ಬರಿದಾಗಿವೆ, ಎಷ್ಟೋ ಮುಚ್ಚಿಹೋಗಿವೆ. ಆದರೆ ಹಳೇ ಹಗೇವು ಕಂಡರೆ ಚೆಂಡು ಬಿದ್ದಿದೆ ಅಂತ ಇಳಿಯಲೇಬಾರದು. ದೀಪ ಉರಿದರೂ ನಾವು ಮಕ್ಕಳು ಇಳಿಯಬಾರದು. ದೊಡ್ಡವರಿಗೆ ಹೇಳಿ, ಬಾಯಿಗೆ ಬಂಡೆ ಮುಚ್ಚಿಸಬೇಕು.

ಮನೆಯಲ್ಲಿ ಅಜ್ಜ, ಅಮ್ಮನನ್ನು ಕೇಳಿಕೊಂಡು ಬನ್ನಿರಿ:
1. ನಮ್ಮ ಓಣಿಯಲ್ಲಿ ಹಗೇವು ಎಲ್ಲೆಲ್ಲಿ ಇದ್ದವು?
2. ಒಂದೊಂದರಲ್ಲಿ ಎಷ್ಟು ಚೀಲ ಜೋಳ ಹಿಡಿಯುತ್ತಿತ್ತು?

ಎಲ್ಲರ ಉತ್ತರ ಕೂಡಿಸಿ ಊರಿನ ನಕ್ಷೆ ಬರೆದು ಇಲ್ಲೇ ಅಂಟಿಸೋಣ.

— 7ನೇ ತರಗತಿ ವಿದ್ಯಾರ್ಥಿನಿ