ಆಯಿಲ್ ದೀಪ ಹತ್ತಿತೇ? ಮನೆಯಂಗಳದಲ್ಲೇ ಕಾರಣ ಹಿಡಿಯಲು ಹತ್ತು ಸೂತ್ರಗಳು

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಲ್ಲಿ ಗಾಡಿಗೆ ಬಿಡುವಿಲ್ಲ. ತೆಂಗಿನಕಾಯಿ ಪಟ್ಟಣಕ್ಕೆ ಹೋಗಬೇಕು, ಆಲೂಗಡ್ಡೆ ಹಾಸನದ ಮಾರುಕಟ್ಟೆ ಸೇರಬೇಕು, ಉಳುಮೆಗೆ ಟ್ರ್ಯಾಕ್ಟರ್ ಬೇಕು. ಇಂಥ ಗಾಡಿಯ ಎಂಜಿನ್ ಸೀಜ್ ಆದರೆ ಬೆಳೆಯಲ್ಲಿ ಉಳಿದ ದುಡ್ಡೆಲ್ಲ ಗ್ಯಾರೇಜಿಗೆ ಹೋಗುತ್ತದೆ. ಹಾಗಾಗದಂತೆ ಮೊದಲೇ ಎಚ್ಚರಿಸುವುದು ಮೀಟರ್ ಬೋರ್ಡಿನ ಆಯಿಲ್ ದೀಪ. ಅದು ಹತ್ತಿದಾಗ ತೊಂದರೆ ಆಯಿಲಿನಲ್ಲಿದೆಯೋ ಸೆನ್ಸರಿನಲ್ಲಿದೆಯೋ ಎಂದು ಮನೆಯಲ್ಲೇ ಬಹುಮಟ್ಟಿಗೆ ಪತ್ತೆ ಹಚ್ಚಬಹುದು. ಕ್ರಮ ತಪ್ಪದೆ ನೋಡಬೇಕು, ಅಷ್ಟೆ.

1. ಮೊದಲು ಗಾಡಿ ನಿಲ್ಲಿಸಿ, ಆಮೇಲೆ ಯೋಚಿಸಿ
ಓಡುವಾಗ ಕೆಂಪು ದೀಪ ಹತ್ತಿದರೆ ಗಾಡಿಯನ್ನು ಪಕ್ಕಕ್ಕೆ ತಂದು, ಪೂರ್ತಿ ನಿಲ್ಲಿಸಿದ ಮೇಲೆ ಎಂಜಿನ್ ಆಫ್ ಮಾಡಿ. ಓಟದಲ್ಲೇ ಕೀ ತಿರುಗಿಸಬೇಡಿ. ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ. "ಇನ್ನೆರಡು ಕಿಲೋಮೀಟರ್, ಊರು ಬಂದೇಬಿಡ್ತು" ಎಂಬ ಲೆಕ್ಕಾಚಾರ ಬೇಡ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರುವ ತೆಳ್ಳನೆಯ ಆಯಿಲ್ ಪದರ ಹೋದರೆ ಲೋಹಕ್ಕೆ ಲೋಹ ಉಜ್ಜಿ ಕೆಲವೇ ನಿಮಿಷಗಳಲ್ಲಿ ಎಂಜಿನ್ ಬಿಚ್ಚಬೇಕಾಗುತ್ತದೆ.

2. ದೀಪದ ಬಣ್ಣ ನೋಡಿ
ಕೆಂಪು ದೀಪ ಹೇಳುವುದು ಆಯಿಲಿನ ಒತ್ತಡದ ವಿಚಾರ. ಕೆಲವು ಕಾರುಗಳಲ್ಲಿ ಆಯಿಲ್ ಮಟ್ಟ ಇಳಿದರೆ ಬೇರೆಯಾಗಿ ಹಳದಿ ದೀಪ ಬರುತ್ತದೆ. ಇವೆರಡೂ ಒಂದೇ ಅಲ್ಲ. ತೊಟ್ಟಿಯ ತುಂಬ ನೀರಿದ್ದರೂ ಮೋಟರ್ ಎತ್ತದಿದ್ದರೆ ಪೈಪಿನಲ್ಲಿ ಹನಿ ಬಾರದಲ್ಲವೇ? ಹಾಗೆಯೇ ಆಯಿಲ್ ಸಾಕಷ್ಟಿದ್ದರೂ ಪಂಪ್ ಸವೆದು, ಸ್ಟ್ರೈನರ್ (ಆಯಿಲ್ ಸೋಸುವ ಜಾಲರಿ) ಕಟ್ಟಿಕೊಂಡು ಒತ್ತಡ ಬೀಳಬಹುದು.

3. ಆಯಿಲ್ ಕಡ್ಡಿಯನ್ನು ಸರಿಯಾಗಿ ಓದಿ
ಗಾಡಿ ಸಮತಟ್ಟು ನೆಲದಲ್ಲಿರಲಿ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಡಿ, ಆಯಿಲ್ ಕೆಳಗಿಳಿಯಲಿ. ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ ಮತ್ತೆ ಎಳೆಯಿರಿ. ಎರಡನೆಯ ಸಲ ಕಾಣುವುದೇ ನಿಜವಾದ ಮಟ್ಟ. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕೆಳಗಿನ ಗುರುತಿಗಿಂತ ಇಳಿದಿದ್ದರೆ ಅದೇ ಗ್ರೇಡಿನ ಆಯಿಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ನೋಡಿ. ಮೇಲಿನ ಗುರುತು ದಾಟಿಸಬೇಡಿ.
ಕಡ್ಡಿಯ ತುದಿಯ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಪೆಟ್ರೋಲ್, ಡೀಸೆಲ್ ವಾಸನೆ ಹೊಡೆದು ನೀರಿನಂತೆ ತೆಳುವಾಗಿದ್ದರೆ ಇಂಧನ ಬೆರೆತಿದೆ. ಹೊಳೆಯುವ ಲೋಹದ ಪುಡಿ ಕಂಡರೆ ಬೇರಿಂಗ್ ಸವೆಯುತ್ತಿರಬಹುದು. ಈ ಮೂರರಲ್ಲಿ ಯಾವುದಿದ್ದರೂ ಎಂಜಿನ್ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ. ಡೀಸೆಲ್ ಎಂಜಿನ್ ಆಯಿಲ್ ಬೇಗ ಕಪ್ಪಾಗುವುದು ಸಹಜ, ಅದಕ್ಕೆ ಗಾಬರಿ ಬೇಡ.

4. ಗಾಡಿಯ ಕೆಳಗೆ ಬಗ್ಗಿ ನೋಡಿ
ರಾತ್ರಿ ಒಂದು ರಟ್ಟು ಹಾಸಿ ಬೆಳಿಗ್ಗೆ ನೋಡಿದರೆ ಸೋರಿಕೆ ತಾನೇ ತಿಳಿಯುತ್ತದೆ. ಡ್ರೈನ್ ಬೋಲ್ಟ್, ಫಿಲ್ಟರ್ ಸುತ್ತ, ಸೆನ್ಸರ್ ಬುಡ, ಈ ಮೂರು ಕಡೆ ವಿಶೇಷ ಗಮನ ಕೊಡಿ. ತೋಟದ ದಾರಿಯ ಕಲ್ಲಿಗೆ, ರಸ್ತೆಯ ಉಬ್ಬಿಗೆ ತಾಗಿ ಆಯಿಲ್ ಸಂಪ್ ಒಳಕ್ಕೆ ತಗ್ಗಿದ್ದರೆ ಒಳಗಿನ ಸ್ಟ್ರೈನರ್ ಅದುಮಿ ಆಯಿಲ್ ಎಳೆಯುವುದು ಕಡಿಮೆಯಾಗುತ್ತದೆ.

5. ದೀಪ ಯಾವಾಗ ಹತ್ತುತ್ತದೆ ಎಂದು ಗುರುತಿಸಿ
ತಿರುವು, ಇಳಿಜಾರಿನಲ್ಲಿ ಮಾತ್ರ ಹತ್ತಿದರೆ ಆಯಿಲ್ ಕಡಿಮೆಯಿರಬಹುದು. ಎಂಜಿನ್ ಬಿಸಿಯಾಗಿ ಸ್ಲೋನಲ್ಲಿ ಓಡುವಾಗ ಮಿನುಗಿ, ರೇಸ್ ಕೊಟ್ಟರೆ ಆರಿದರೆ ಆಯಿಲ್ ತೆಳುವಾಗಿರಬಹುದು ಅಥವಾ ಬೇರಿಂಗ್, ಪಂಪ್ ಸವೆದಿರಬಹುದು. ಗುಂಡಿಗೆ ಬಿದ್ದಾಗಲೆಲ್ಲ ಮಿನುಗಿದರೆ ವೈರ್ ಸಿಪ್ಪೆ ಕಿತ್ತು ಬಾಡಿಗೆ ತಾಗುತ್ತಿರಬಹುದು. ದೀಪದ ಜೊತೆಗೆ ಎಂಜಿನ್ ಒಳಗಿಂದ ಟಕಟಕ ಸದ್ದು ಬಂದಿದ್ದರೆ ಮನೆಯ ಪರೀಕ್ಷೆ ಅಲ್ಲಿಗೇ ಮುಗಿಯಿತು. ಗಾಡಿಯನ್ನು ಎಳೆಸಿಕೊಂಡೇ ಹೋಗಿ.

6. ಕೀ ಪರೀಕ್ಷೆ ಮಾಡಿ
ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದರೆ ಹೆಚ್ಚಿನ ಗಾಡಿಗಳಲ್ಲಿ ಕೆಂಪು ದೀಪ ಹತ್ತಬೇಕು. ಸ್ಟಾರ್ಟ್ ಆದ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಕೀ ಆನ್ ಮಾಡಿದಾಗಲೂ ಹತ್ತದಿದ್ದರೆ ಬಲ್ಬ್, ಫ್ಯೂಸ್, ವೈರ್ ಅಥವಾ ಆಯಿಲ್ ಒತ್ತಡದ ಸ್ವಿಚ್ (ಹಳೆ ಗಾಡಿಗಳ ಸೆನ್ಸರ್ ಇದೇ) ಕೆಟ್ಟಿದೆ. ನಿಜವಾಗಿ ಭಯಪಡಬೇಕಾದ್ದು ಎಂದೂ ಹತ್ತದ ಈ ದೀಪಕ್ಕೆ. ಒತ್ತಡ ಬಿದ್ದರೂ ಅದು ಎಚ್ಚರಿಸುವುದಿಲ್ಲ.

7. ಒಂದೇ ವೈರಿನ ಸ್ವಿಚ್ ಇದ್ದರೆ ವೈರ್ ಪರೀಕ್ಷೆ
ಹಳೆಯ ಕಾರು, ಪಿಕಪ್, ಟ್ರ್ಯಾಕ್ಟರುಗಳಲ್ಲಿ ಎಂಜಿನ್ ಬ್ಲಾಕಿಗೆ ಅಥವಾ ಫಿಲ್ಟರ್ ಪಕ್ಕಕ್ಕೆ ಕೂರಿಸಿದ ಚಿಕ್ಕ ಸ್ವಿಚ್ಚಿಗೆ ಒಂದೇ ವೈರ್ ಇರುತ್ತದೆ. ಎಂಜಿನ್ ತಣ್ಣಗಿರಲಿ, ಗೇರ್ ನ್ಯೂಟ್ರಲ್ ಇರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಕೀ ಮಾತ್ರ ಆನ್ ಮಾಡಿ ವೈರ್ ಕಳಚಿ. ದೀಪ ಆರಿದರೆ ವೈರ್ ಸರಿಯಿದೆ. ಆರದಿದ್ದರೆ ವೈರ್ ಎಲ್ಲೋ ಸಿಪ್ಪೆ ಕಿತ್ತು ಬಾಡಿಗೆ ಅರ್ತ್ ಆಗಿದೆ. ಕೊಟ್ಟಿಗೆಯಲ್ಲಿ ನಿಂತ ಗಾಡಿಯ ವೈರನ್ನು ಇಲಿ ಕಡಿದಿರುವುದೂ ಉಂಟು.
ಕೀ ಆನ್ ಮಾಡಿದಾಗ ದೀಪ ಹತ್ತದ ಗಾಡಿಯಲ್ಲಿ ಕಳಚಿದ ವೈರಿನ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ. ದೀಪ ಹತ್ತಿದರೆ ತಪ್ಪು ಸ್ವಿಚ್ಚಿನದು; ಹತ್ತದಿದ್ದರೆ ಬಲ್ಬ್, ಫ್ಯೂಸ್, ವೈರ್ ನೋಡಿ. ಕನೆಕ್ಟರ್ ಒಳಗೆ ಆಯಿಲ್ ಒಸರಿದ್ದರೆ ಸ್ವಿಚ್ ಬದಲಿಸಿಬಿಡಿ.

8. ಎರಡು, ಮೂರು ವೈರಿನ ಸೆನ್ಸರನ್ನು ಅರ್ತ್ ಮಾಡಬೇಡಿ
ಹೊಸ ಗಾಡಿಗಳಲ್ಲಿ ಸೆನ್ಸರ್ ನೇರವಾಗಿ ಗಾಡಿಯ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿ ಮೇಲಿನ ವೈರ್ ಪರೀಕ್ಷೆ ಮಾಡಿದರೆ ಇದ್ದದ್ದೂ ಕೆಡಬಹುದು. ಕಾರಿಗೆ ಓಬಿಡಿ ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿ. ಪಿ0520ರಿಂದ ಪಿ0523ರವರೆಗಿನ ಕೋಡುಗಳು ಸೆನ್ಸರ್ ಅಥವಾ ಅದರ ವೈರಿಂಗ್ ಕಡೆ ಬೆರಳು ತೋರಿಸುತ್ತವೆ; ಪಿ0524 ಬಂದರೆ ಒತ್ತಡವೇ ಬಿದ್ದಿದೆ ಎಂದರ್ಥ. ಕೋಡ್ ಸುಳಿವು ಮಾತ್ರ, ತೀರ್ಪಲ್ಲ.

9. ಕೊನೆಯ ಮಾತು ಗೇಜಿನದು
ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಆಯಿಲ್ ಪ್ರೆಷರ್ ಗೇಜ್ ಕೂರಿಸಿ ನೋಡುವುದೇ ನಿಜವಾದ ಪರೀಕ್ಷೆ. ಬಿಸಿ ಎಂಜಿನ್ನಿನಲ್ಲಿ ನಿಮಿಷಕ್ಕೆ ಪ್ರತಿ 1,000 ಸುತ್ತಿನ (ಆರ್‌ಪಿಎಂ) ವೇಗಕ್ಕೆ ಸುಮಾರು 10 ಪಿಎಸ್‌ಐ ಇರಬೇಕೆಂಬುದು ಗ್ಯಾರೇಜಿನವರ ಸ್ಥೂಲ ಲೆಕ್ಕ. ನಿಮ್ಮ ಗಾಡಿಯ ಪುಸ್ತಕದ ಅಂಕಿಯೇ ಅಂತಿಮ. ಒತ್ತಡ ಸರಿಯಿದ್ದರೆ ಹೊಸ ಸ್ವಿಚ್ ಹಾಕಿ, ಅತಿಯಾಗಿ ಬಿಗಿಯಬೇಡಿ. ಒತ್ತಡ ಕಡಿಮೆಯಿದ್ದರೆ ಎಷ್ಟು ಸ್ವಿಚ್ ಬದಲಿಸಿದರೂ ಪ್ರಯೋಜನವಿಲ್ಲ.

10. ಆಯಿಲ್ ಬದಲಿಸಿದ ಲೆಕ್ಕ ಬರೆದಿಡಿ
ಕಾರು, ಪಿಕಪ್ಪಿಗೆ ಕಿಲೋಮೀಟರ್, ಟ್ರ್ಯಾಕ್ಟರಿಗೆ ಮೀಟರಿನ ಗಂಟೆ ಬರೆದಿಡಿ. ಪುಸ್ತಕದಲ್ಲಿ ಹೇಳಿದ ಗ್ರೇಡನ್ನೇ ಹಾಕಿ, ಆಯಿಲ್ ಜೊತೆ ಫಿಲ್ಟರನ್ನೂ ಬದಲಿಸಿ. ಹಳೆ ಆಯಿಲನ್ನು ಕಾಲುವೆಗೆ, ಗಿಡದ ಬುಡಕ್ಕೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅದೂ ಬರುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ದೀಪ ಕಣ್ಣಿಗೆ ಚುಚ್ಚುತ್ತದೆಂದು ವೈರ್ ಕಿತ್ತು ಓಡಿಸುವವರು ನಮ್ಮ ಕಡೆ ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಸುಳ್ಳೆಂದು ಗೇಜ್ ತೋರಿಸುವವರೆಗೆ ದೀಪ ಹೇಳಿದ್ದನ್ನೇ ನಂಬಿ. ಸ್ವಿಚ್ ಬದಲಿಸುವುದು ಸಣ್ಣ ಖರ್ಚು, ಎಂಜಿನ್ ಕಟ್ಟಿಸುವುದು ದೊಡ್ಡ ಖರ್ಚು.