ಕೀಲಿನೊಳಗೆ ಕಿರಣ ಚಿಕಿತ್ಸೆ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದುದು ಅಲ್ಲಿಯ ಮಣ್ಣಿನ ಕೆಂಪಿನಿಂದ. ಆ ಕೆಂಪು ಕಬ್ಬಿಣದ್ದು. ಕಬ್ಬಿಣವು ಆಮ್ಲಜನಕದೊಡನೆ ಕೂಡಿ ಆದ ಆಕ್ಸೈಡು ಮಣ್ಣಿಗೆ ಬಣ್ಣ ಕೊಟ್ಟಿದೆ. ಇಲ್ಲಿಯ ಅದುರನ್ನು ಭದ್ರಾವತಿಯ ಕಾರ್ಖಾನೆಯಲ್ಲಿ ಬಹುಕಾಲ ಕರಗಿಸಿದರು. ಇಂಥದೇ ತುಕ್ಕುಬಣ್ಣವನ್ನು ಶಸ್ತ್ರವೈದ್ಯರು ಮನುಷ್ಯನ ಮೊಣಕಾಲಿನೊಳಗೂ ಕಂಡಿದ್ದಾರೆ. ರಕ್ತವು ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳಲ್ಲಿ ಕೀಲಿನೊಳಕ್ಕೆ ಮತ್ತೆ ಮತ್ತೆ ರಕ್ತ ಸೋರುವುದುಂಟು. ಆ ರಕ್ತದ ಕಬ್ಬಿಣವು ಕೀಲಿನ ಒಳಪೊರೆಯಲ್ಲಿ ನೆಲೆಸಿ ಅದನ್ನು ಕೆರಳಿಸುವುದು.

ಈ ಪೊರೆಯ ಕೆಲಸವೇನು? ಗಾಡಿಯ ಅಚ್ಚಿಗೆ ಕೀಲೆಣ್ಣೆ ಬೇಕಾದಂತೆ ನಮ್ಮ ಕೀಲುಗಳಿಗೂ ಒಂದು ಜಾರುವ ದ್ರವ ಬೇಕು. ಅದನ್ನು ಒಸರಿಸುವುದೇ ಈ ತೆಳುವಾದ ಸಂಧಿಪೊರೆ. ಹಿಮೋಫಿಲಿಯಾದಲ್ಲಿ ಮಾತ್ರವಲ್ಲದೆ ರುಮಟಾಯ್ಡ್ ಸಂಧಿವಾತದಲ್ಲಿಯೂ ಇದು ಉರಿಯೂತದಿಂದ ದಪ್ಪವಾಗಿ ಬೆಳೆಯುವುದು. ದ್ರವವು ಮಿತಿಮೀರಿ ತುಂಬಿ ಕೀಲು ಊದಿಕೊಳ್ಳುವುದು. ಕ್ರಮೇಣ ಎಲುಬಿನ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಯೂ ಸವೆಯುವುದು. ಔಷಧಿಗೂ ಸ್ಟೀರಾಯ್ಡ್ ಚುಚ್ಚುಮದ್ದಿಗೂ ಬಗ್ಗದ ಪೊರೆಯನ್ನು ಕತ್ತರಿಸಿ ತೆಗೆಯುವುದು ಒಂದು ಮಾರ್ಗ. ಕತ್ತಿಯಿಲ್ಲದೆ ಅದನ್ನು ನಾಶಮಾಡಬಹುದೇ ಎಂಬ ಪ್ರಶ್ನೆಗೆ ವಿಯೆನ್ನಾದ ಫೆಲಿಂಗರ್ ಮತ್ತು ಷ್ಮಿಡ್ ಎಂಬ ವೈದ್ಯರು 1952ರಲ್ಲಿ ವಿಕಿರಣಶೀಲ ಚಿನ್ನವನ್ನು ಮೊಣಕಾಲಿಗೆ ಚುಚ್ಚಿ ಉತ್ತರ ಹುಡುಕಿದರು. ಆದರೆ ಚಿನ್ನ-198 ಗಾಮಾ ಕಿರಣಗಳನ್ನೂ ಸೂಸುವುದು. ಅವು ಕೀಲನ್ನು ದಾಟಿ ದೇಹದ ಇತರ ಭಾಗಗಳನ್ನೂ ತಾಕುವುವು. ಆದುದರಿಂದ ಮುಂದೆ ಇಟ್ರಿಯಮ್-90 ಬಳಕೆಗೆ ಬಂದಿತು.

ಇಟ್ರಿಯಮ್ ಸೂಸುವುದು ಬೀಟಾ ಕಣಗಳನ್ನು, ಎಂದರೆ ವೇಗವಾಗಿ ಧಾವಿಸುವ ಇಲೆಕ್ಟ್ರಾನುಗಳನ್ನು. ಮಾಂಸದಲ್ಲಿ ಇವು ಹೆಚ್ಚೆಂದರೆ 11 ಮಿಲಿಮೀಟರು ಹೋಗಬಲ್ಲವು. ಸರಾಸರಿ ದೂರ 4 ಮಿಲಿಮೀಟರಿಗಿಂತಲೂ ಕಡಮೆ. ಈ ಅಲ್ಪದೂರವೇ ಚಿಕಿತ್ಸೆಯ ಜೀವಾಳ. ಕಣಗಳು ಹೆಚ್ಚು ದೂರ ಹೋದರೆ ಅಪಾಯ; ಹೋಗದಿದ್ದರೆ ದಪ್ಪಗಾದ ಪೊರೆಯ ಆಳ ಮುಟ್ಟದು. ಆದಕಾರಣ ದೊಡ್ಡ ಕೀಲಾದ ಮೊಣಕಾಲಿಗೆ ಇಟ್ರಿಯಮ್, ಭುಜ ಮೊಣಕೈಗಳಿಗೆ ರೀನಿಯಮ್-186, ಬೆರಳಿನ ಗಿಣ್ಣುಗಳಿಗೆ 1 ಮಿಲಿಮೀಟರಿನಷ್ಟೇ ಹೋಗುವ ಎರ್ಬಿಯಮ್-169 ಎಂದು ವೈದ್ಯರು ಆರಿಸುವರು.

ಈ ಧಾತುವನ್ನು ಬರಿಯ ಲವಣವಾಗಿ ಚುಚ್ಚಿದರೆ ಅದು ರಕ್ತಕ್ಕೆ ಸೇರಿ ದೇಹವೆಲ್ಲ ಹರಡೀತು. ಆದುದರಿಂದ ಅದನ್ನು ಸೂಕ್ಷ್ಮಕಣಗಳಿಗೆ ಅಂಟಿಸುವರು. ಕಣವು ತೀರ ಚಿಕ್ಕದಾದರೆ ಕೀಲಿನಿಂದ ಸೋರುವುದು. ತೀರ ದೊಡ್ಡದಾದರೆ ಪೊರೆಯ ಜೀವಕೋಶಗಳು ಅದನ್ನು ನುಂಗಲಾರವು. ನುಂಗಿದ ಕೋಶವೇ ಒಳಗಿನಿಂದ ಸುಟ್ಟುಹೋಗುವುದೆಂಬುದು ಇಲ್ಲಿಯ ಉಪಾಯ. ನಮ್ಮ ದೇಶದ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಲ್ಯುಟೀಷಿಯಮ್-177ನ್ನು ಹೈಡ್ರಾಕ್ಸಿ ಆಪಟೈಟ್ ಕಣಗಳಿಗೆ ಅಂಟಿಸುವ ಕ್ರಮವನ್ನು ರೂಪಿಸಿದ್ದಾರೆ. ಈ ಹೈಡ್ರಾಕ್ಸಿ ಆಪಟೈಟು ನಮ್ಮ ಎಲುಬಿನ ಖನಿಜವೇ ಆಗಿದೆ!

ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾಡಿನೋಡಬಹುದು. ಮೊಣಕಾಲಿಗೆ ಸಾಮಾನ್ಯವಾಗಿ 5 ಮಿಲಿಕ್ಯೂರಿ ಇಟ್ರಿಯಮ್ ಕೊಡುವರು. ಎಂದರೆ ಪ್ರತಿ ಸೆಕೆಂಡಿಗೆ ಹದಿನೆಂಟೂವರೆ ಕೋಟಿ ಪರಮಾಣುಗಳ ವಿಘಟನೆ. ಇದರ ಅರ್ಧಾಯು 64 ಗಂಟೆ. ಹತ್ತು ಅರ್ಧಾಯುಗಳು, ಅಂದರೆ ಸುಮಾರು 27 ದಿನಗಳು ಕಳೆದಾಗ, ಮೊದಲಿನ ಸಾವಿರದಲ್ಲೊಂದು ಪಾಲು ಮಾತ್ರ ಉಳಿದಿರುವುದು.

ಚಿಕಿತ್ಸೆಗೆ ಹೆಚ್ಚು ಹೊತ್ತು ಹಿಡಿಯದು. ಸೂಜಿಯ ತುದಿ ಕೀಲಿನೊಳಗೇ ಇದೆಯೆಂದು ಖಚಿತಪಡಿಸಿಕೊಳ್ಳುವುದು ಮುಖ್ಯ. ಹೊರಗೆ ಸೋರಿದ ಮದ್ದು ಚರ್ಮವನ್ನು ಸುಡಬಲ್ಲದು. ಅನಂತರ ಎರಡು ಮೂರು ದಿನ ಕಾಲನ್ನು ಪಟ್ಟಿ ಕಟ್ಟಿ ಅಲುಗದಂತೆ ಇಡುವರು, ಏಕೆಂದರೆ ಚಲನೆಯಿಂದ ಕಣಗಳು ಹೊರಹೋಗುವ ಸಂಭವವಿದೆ. ಗರ್ಭಿಣಿಯರಿಗೂ ಮೊಲೆಯುಣಿಸುವ ತಾಯಂದಿರಿಗೂ ಇದು ನಿಷಿದ್ಧ.

ಗುಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಹಿಮೋಫಿಲಿಯಾ ರೋಗಿಗಳಲ್ಲಿ ರಕ್ತಸ್ರಾವದ ಸರದಿಗಳು ವಿರಳವಾಗುವುದು ದೊಡ್ಡ ಲಾಭ; ಇವರಿಗೆ ಶಸ್ತ್ರಕ್ರಿಯೆ ಎಷ್ಟು ಅಪಾಯಕರವೆಂಬುದನ್ನು ನೆನೆದರೆ ಇದರ ಬೆಲೆ ತಿಳಿದೀತು. ಸಂಧಿವಾತದ ವಿಷಯದಲ್ಲಿ ಮಾತ್ರ ನಾವು ಅಷ್ಟು ಧೈರ್ಯವಾಗಿ ಹೇಳಲಾರೆವು. ಬರಿಯ ಸ್ಟೀರಾಯ್ಡ್ ಚುಚ್ಚುಮದ್ದಿಗಿಂತ ಇಟ್ರಿಯಮ್ ಮೇಲೆಂಬುದು ಎಲ್ಲ ಪರೀಕ್ಷೆಗಳಲ್ಲಿಯೂ ಸಿದ್ಧವಾಗಿಲ್ಲ.

ಮಲೆನಾಡಿನ ವಾಚಕರಿಗೆ ಇಲ್ಲಿ ಹಂದಿಗೋಡು ರೋಗವು ನೆನಪಾಗದಿರದು. ಸಾಗರದ ಬಳಿಯ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಗಮನಕ್ಕೆ ಬಂದ ಈ ಕೀಲುರೋಗವು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಅನೇಕರನ್ನು ಕುಂಟರನ್ನಾಗಿ ಮಾಡಿದೆ. ಅವರಿಗೆ ಈ ಚುಚ್ಚುಮದ್ದು ಫಲಿಸೀತೇ? ಅಂಥ ಆಸೆಗೆ ಆಧಾರವಿಲ್ಲ. ಅದು ವಂಶಪಾರಂಪರ್ಯವಾಗಿ ಬರುವ ರೋಗ. ದೋಷವಿರುವುದು ಎಲುಬಿನ ತುದಿಗಳ ಬೆಳವಣಿಗೆಯಲ್ಲಿ, ಪೊರೆಯಲ್ಲಲ್ಲ. ಪೊರೆಯನ್ನು ಸುಟ್ಟರೂ ಎಲುಬು ತಿದ್ದಿಕೊಳ್ಳದು. ಸೊಂಟದ ಕೀಲು ಪೂರ್ತಿ ಹಾಳಾದಾಗ ಅಂಥವರಿಗೆ ಕೃತಕ ಕೀಲಿನ ಜೋಡಣೆಯನ್ನೇ ಯೋಚಿಸಬೇಕಾಗುವುದು.