ಡಾಲರ್ ದರ ಮತ್ತು ನಮ್ಮ ರೇಷ್ಮೆ ಗೂಡಿನ ಬೆಲೆ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಹುಳು ಸಾಕುವ ರೈತ ಬಾಂಧವರು "ಹೋದ ಬೆಳೆಗೆ ಸಿಕ್ಕ ದರ ಈ ಬೆಳೆಗೆ ಏಕಿಲ್ಲ?" ಎಂದು ಕೇಳುವುದುಂಟು. ಗೂಡಿನ ಗುಣ, ಹವಾಮಾನ, ಮಾರುಕಟ್ಟೆಗೆ ಬಂದ ಮಾಲಿನ ಪ್ರಮಾಣ ಇವೆಲ್ಲ ಕಾರಣಗಳೇ. ಇವುಗಳ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಕಾರಣವಿದೆ. ಅದು ರೂಪಾಯಿಯ ವಿನಿಮಯ ದರ.

ಕೊಳ್ಳೇಗಾಲ, ರಾಮನಗರ, ತಮಿಳುನಾಡಿನ ಧರ್ಮಪುರಿ ಈ ಮೂರೂ ಕಡೆ ನಡೆಯುವುದು ಒಂದೇ ರೂಪಾಯಿ. ಒಂದು ಕಡೆ ದರ ಏರಿದರೆ ಗೂಡು ಅಲ್ಲಿಗೆ ಹೋಗುತ್ತದೆ. ಸಾಗಾಣಿಕೆ ಖರ್ಚಿಗಿಂತ ಹೆಚ್ಚಿನ ಅಂತರ ಬಹುಕಾಲ ಉಳಿಯದು. ನೆರೆಯ ಚೀನಾದ ಮಾತು ಬೇರೆ. ಅಲ್ಲಿಯ ಕಚ್ಚಾ ರೇಷ್ಮೆಯನ್ನು ನಮ್ಮ ವ್ಯಾಪಾರಿಗಳು ಹೆಚ್ಚಾಗಿ ಡಾಲರ್ ಲೆಕ್ಕದಲ್ಲಿ ಕೊಳ್ಳುತ್ತಾರೆ.

ಒಂದು ಉದಾಹರಣೆ ನೋಡೋಣ. ಕಿಲೋ ರೇಷ್ಮೆಗೆ 50 ಡಾಲರ್, ಡಾಲರಿಗೆ 60 ರೂಪಾಯಿ, ಆಮದು ಸುಂಕ ಶೇಕಡಾ 15 ಎಂದು ಇಟ್ಟುಕೊಳ್ಳಿ. ರೇಷ್ಮೆ 3,450 ರೂಪಾಯಿಗೆ ಇಲ್ಲಿ ಇಳಿಯುತ್ತದೆ. ಡಾಲರ್ 64 ಆದರೆ ಅದೇ ರೇಷ್ಮೆ 3,680 ರೂಪಾಯಿ. ಹೊರಗಿನ ಮಾಲು 230 ರೂಪಾಯಿ ತುಟ್ಟಿಯಾದಾಗ ನೇಕಾರರು ನಮ್ಮ ದಾರದತ್ತ ತಿರುಗುತ್ತಾರೆ. ಕಿಲೋ ದಾರಕ್ಕೆ 7 ಕಿಲೋ ಗೂಡು ಬೇಕಾದರೆ, ಗೂಡಿನ ಪಾಲಿಗೆ ಕಿಲೋಗೆ ಸುಮಾರು 33 ರೂಪಾಯಿ. ಇಷ್ಟೂ ರೈತರ ಕೈ ಸೇರುತ್ತದೆಂದಲ್ಲ. ರೀಲರು, ವ್ಯಾಪಾರಿಗಳೂ ನಡುವೆ ಇದ್ದಾರೆ. ಡಾಲರ್ ಇಳಿದರೆ ಇದೇ ಲೆಕ್ಕ ತಿರುವುಮುರುವು.

1966ರ ಜೂನ್‌ನಲ್ಲಿ ಸರ್ಕಾರ ಡಾಲರಿನ ಬೆಲೆಯನ್ನು 4.76ರಿಂದ 7.50 ರೂಪಾಯಿಗೆ ಏರಿಸಿದಾಗ ಅದು ಅಪರೂಪದ ಸಂಗತಿ. ಈಗ ದರ ದಿನವೂ ಅಲುಗಾಡುತ್ತದೆ. 2013ರ ಮೇ ತಿಂಗಳಲ್ಲಿ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಸುಂಕದ ಪೆಟ್ಟು ಇನ್ನೂ ಜೋರು. 2011ರಲ್ಲಿ ಅದು ಶೇಕಡಾ 30ರಿಂದ 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ 15ಕ್ಕೆ ಏರಿಸಲಾಯಿತು.

ದೀರ್ಘಕಾಲದಲ್ಲಿ ಮಾತ್ರ ನೆರೆದೇಶಗಳ ಖರ್ಚು ಹತ್ತಿರ ಬರುವುದುಂಟು. ಚೀನಾದ ಪೂರ್ವ ಕರಾವಳಿಯಲ್ಲಿ ಕಾರ್ಖಾನೆಗಳು ಹೆಚ್ಚಿ ಕೂಲಿ ಏರಿತು. ಹುಳು ಸಾಕಣೆ ಜೆಜಿಯಾಂಗ್, ಜಿಯಾಂಗ್ಸು ಪ್ರಾಂತ್ಯಗಳಿಂದ ದಕ್ಷಿಣದ ಗುವಾಂಗ್‌ಶಿಗೆ ಸರಿಯಿತು. ಹಿಂದಿನಷ್ಟು ಅಗ್ಗವಾಗಿ ಮಾಲು ಕೊಡುವುದು ಅವರಿಗೂ ಕಷ್ಟ. ಆದರೆ ಇದಕ್ಕೆ ಹತ್ತಾರು ವರ್ಷ ಬೇಕು. ನಮ್ಮ ಬೆಳೆ ತಿಂಗಳೊಳಗೆ ಮಾರುಕಟ್ಟೆಗೆ ಹೋಗಬೇಕು.

ಹಾಗಾದರೆ ರೈತರು ಮಾಡಬೇಕಾದುದೇನು? ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. 3,450 ರೂಪಾಯಿಯ ದಾರಕ್ಕೆ 7ರ ಬದಲು 8 ಕಿಲೋ ಗೂಡು ಬೇಕಾದರೆ, ಗೂಡಿನ ಕಿಲೋಗೆ 60 ರೂಪಾಯಿಗೂ ಹೆಚ್ಚು ಕಡಿತ. ನೂಲು ಬಿಚ್ಚುವ ಖರ್ಚು ಕಳೆದರೂ, ಡಾಲರ್ 4 ರೂಪಾಯಿ ಏರಿಳಿದದ್ದಕ್ಕಿಂತ ಈ ವ್ಯತ್ಯಾಸ ದೊಡ್ಡದೇ. ಒಳ್ಳೆಯ ಸೊಪ್ಪು, ಸಾಕಣೆ ಮನೆಯ ಸೋಂಕು ನಿವಾರಣೆ, ಹಣ್ಣಾದ ಹುಳುವಿಗೆ ಚಂದ್ರಿಕೆಯಲ್ಲಿ ಸಾಕಷ್ಟು ಜಾಗ ಮತ್ತು ಗಾಳಿ ಇವು ನಮ್ಮ ಕೈಯಲ್ಲಿವೆ.

ತೋಟವನ್ನು ತುಂಡುಗಳಾಗಿ ವಿಂಗಡಿಸಿ ಒಂದರ ಹಿಂದೊಂದು ಬೆಳೆ ತೆಗೆದರೆ ಎಲ್ಲ ಗೂಡೂ ಒಂದೇ ದಿನದ ದರಕ್ಕೆ ಸಿಕ್ಕಿಬೀಳದು. ಆದರೆ ಒಂದೇ ಮನೆಯಲ್ಲಿ ಎರಡು ವಯಸ್ಸಿನ ಹುಳು ಬೇಡ, ರೋಗ ಹರಡುತ್ತದೆ. ಹದಿನೈದು ವರ್ಷ ಸೊಪ್ಪು ಕೊಡಬಲ್ಲ ಹಿಪ್ಪುನೇರಳೆಯನ್ನು ಎರಡು ಬೆಳೆಯ ದರ ನೋಡಿ ಕೀಳಬೇಡಿ. ಎರಡು ಬೆಳೆಯ ದರ ನೋಡಿ ಸಾಲ ಮಾಡಿ ವಿಸ್ತರಿಸುವುದೂ ಬೇಡ.